ಹೊಸ ಮನೆಗಳಿಗೆ ಊರಿನ ನಿಯಮ: ಯಾವುದು ಮೊದಲು?



ಊರಿನ ಅಂಚಿನಲ್ಲಿ ಮೊನ್ನೆ ಮೊನ್ನೆಯವರೆಗೆ ರಾಗಿ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಕಲ್ಲು ನೆಟ್ಟು ನಿವೇಶನ ಮಾಡುತ್ತಿರುವುದನ್ನು ತಾವೆಲ್ಲ ನೋಡುತ್ತಿದ್ದೀರಿ. ಮಕ್ಕಳು ಬೇರೆಯಾದರೆಂದು ಕೆಲವರು ಮನೆ ಕಟ್ಟುತ್ತಾರೆ. ರಸ್ತೆ ಪಕ್ಕದ ಜಮೀನಿಗೆ ಒಳ್ಳೆಯ ಬೆಲೆ ಬಂದಿತೆಂದು ಕೆಲವರು ಪೇಟೆಯವರಿಗೆ ಮಾರುತ್ತಾರೆ. ಮನೆ ಬೇಡವೆಂದು ಹೇಳುವುದು ಸಲ್ಲದು. ಆದರೆ ಆ ಮನೆಯ ನೀರು ಎಲ್ಲಿಗೆ ಹೋಗಬೇಕು, ಅದರ ಮುಂದೆ ಎಷ್ಟು ಅಡಿ ದಾರಿ ಉಳಿಯಬೇಕು ಎಂಬುದನ್ನು ಊರಿನವರು ಮೊದಲೇ ಕೂತು ಯೋಚಿಸದಿದ್ದರೆ, ಆಮೇಲೆ ಅದನ್ನು ವಕೀಲರು ಯೋಚಿಸಬೇಕಾಗುತ್ತದೆ.

ಇದಕ್ಕೆಲ್ಲ ಪಂಚಾಯಿತಿಗೆ ಅಧಿಕಾರ ಎಲ್ಲಿದೆ ಎಂದು ತಾವು ಕೇಳಬಹುದು. ಅಧಿಕಾರ ಮೂರು ಕಡೆ ಹಂಚಿಹೋಗಿದೆ. ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ತಿರುಗಿಸಲು 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹೋಗಬೇಕು. ಬಡಾವಣೆಯ ನಕ್ಷೆಯನ್ನು ನೋಡುವವರು ಯೋಜನಾ ಪ್ರಾಧಿಕಾರ ಅಥವಾ ನಗರ ಯೋಜನೆಯ ಇಲಾಖೆಯವರು. ಆದರೆ ಊರಿನಲ್ಲಿ ಒಂದು ಕಟ್ಟಡ ಏಳಬೇಕಾದರೆ, ಇದ್ದ ಕಟ್ಟಡವನ್ನು ಬೆಳೆಸಬೇಕಾದರೆ, 1993ರ ಪಂಚಾಯತ್ ರಾಜ್ ಕಾಯಿದೆಯ 64ನೆಯ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಆ ಅನುಮತಿಯ ಕಾಗದವೇ ನಮ್ಮ ಕೈಯಲ್ಲಿರುವ ಹಿಡಿ. ಅದರಲ್ಲಿ ಯಾವ ಷರತ್ತುಗಳನ್ನು ಬರೆಯಬೇಕು ಎಂಬುದಕ್ಕೆ ಊರಿಗೊಂದು ಚಿಕ್ಕ ಪೂರಕ ಸೂಚನೆ ಇದ್ದರೆ, ಅಧ್ಯಕ್ಷರು ಬದಲಾದರೂ ಅಭಿವೃದ್ಧಿ ಅಧಿಕಾರಿಗಳು ವರ್ಗವಾದರೂ ಎಲ್ಲರಿಗೂ ಒಂದೇ ಅಳತೆ ನಡೆಯುತ್ತದೆ.

ತೊಂದರೆ ಬರುವುದು ಮುಂದಿನ ಮಾತಿಗೆ. ಸೂಚನೆ ಮಾಡೋಣ ಎಂದ ಕೂಡಲೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಮೂರು ವರ್ಷದ ಕೆಳಗೆ ಒಂದು ಊರಿನ ವಾರ್ಡ್ ಸಭೆಯಲ್ಲಿ ನಾನು ಕೂತಿದ್ದೆ. ಹನ್ನೊಂದು ಬೇಡಿಕೆಗಳ ಪಟ್ಟಿಯಾಯಿತು. ಮೊದಲನೆಯದು ಊರ ಬಾಗಿಲಿಗೆ ಸಿಮೆಂಟಿನ ಕಮಾನು. ಎರಡನೆಯದು, ಹೊಸ ಮನೆಗಳೆಲ್ಲ ಒಂದೇ ಸಾಲಿನಲ್ಲಿ ಒಂದೇ ಬಣ್ಣದಲ್ಲಿರಬೇಕೆಂಬುದು. ಕೆರೆಗೆ ನೀರು ತರುವ ಕಾಲುವೆಯ ಮೇಲೆ ಯಾರೂ ಕಟ್ಟಬಾರದೆಂದು ಒಬ್ಬ ಮುದುಕರು ಹೇಳಿದರು. ಅದನ್ನು ಒಂಬತ್ತನೆಯದಾಗಿ ಬರೆದುಕೊಂಡರು. ಊಟದ ಹೊತ್ತಾಯಿತೆಂದು ಏಳನೆಯದಕ್ಕೆ ಸಭೆ ಎದ್ದಿತು. ನಾನೂ ಬಾಯಿ ಬಿಡಲಿಲ್ಲ. ಮರುವರ್ಷ ಆ ಕಾಲುವೆಯನ್ನು ಸೇರಿಸಿಕೊಂಡು ಒಂದು ಕಾಂಪೌಂಡು ಎದ್ದಿತು. ಮುಂಗಾರಿನ ಎರಡು ದೊಡ್ಡ ಮಳೆಗೆ ಮೇಲಿನ ಮೂರು ಹೊಲಗಳ ರಾಗಿ ಪೈರು ನಿಂತ ನೀರಿನಲ್ಲಿ ಹಳದಿಯಾಯಿತು, ಕೆಳಗಿನ ಕೆರೆ ಅರ್ಧವೂ ತುಂಬಲಿಲ್ಲ. ಕಾಂಪೌಂಡಿನವರೂ ಹೊಲದವರೂ ಹತ್ತಿರದ ಸಂಬಂಧಿಗಳು. ಈಗ ಮದುವೆ ಮುಂಜಿಗೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಮೇಲೆ ಪಂಚಾಯಿತಿಯಲ್ಲಿ ನಿರ್ಣಯವೇನೋ ಆಯಿತು.

ಆದುದರಿಂದ ಬೇಡಿಕೆಗಳನ್ನು ಹೇಳಿದ ಕ್ರಮದಲ್ಲಿ ಬರೆದುಕೊಂಡರೆ ಸಾಲದು, ತೂಗಬೇಕು. ತೂಗುವುದಕ್ಕೆ ನನಗೆ ತೋರುವ ದೊಡ್ಡ ಕಲ್ಲು ಇದು: ಇಂದು ತಪ್ಪಿದರೆ ನಾಳೆ ಸರಿಮಾಡಲು ಬರುತ್ತದೆಯೇ? ಬಣ್ಣವನ್ನು ಮುಂದಿನ ದೀಪಾವಳಿಗೆ ಬದಲಾಯಿಸಬಹುದು. ದೀಪದ ಕಂಬವನ್ನು ಹತ್ತು ಗಜ ಸರಿಸಬಹುದು. ಕಾಲುವೆಯ ಮೇಲೆ ಬಿದ್ದ ತಳಪಾಯವನ್ನು ಸರಿಸಲಾಗದು. ಕಟ್ಟಿದವನ ಸಾಲವೂ ಅದರ ಮೇಲೆಯೇ ಇರುತ್ತದೆ. ಎರಡನೆಯದಾಗಿ, ಈ ಮಾತಿಗೆ ಮೇಲಿನವರ ನಿಯಮ ಆಗಲೇ ಇದೆಯೇ ಎಂದು ನೋಡಬೇಕು. ಇದ್ದರೆ ಪಂಚಾಯಿತಿ ಅದನ್ನೇ ಮತ್ತೆ ಬರೆಯುತ್ತ ಕೂರಬೇಕಾಗಿಲ್ಲ. ಅದರ ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದರಾಯಿತು. ಮೇಲಿನ ನಿಯಮಕ್ಕೆ ವಿರುದ್ಧವಾದದ್ದನ್ನಂತೂ ಬರೆಯಲೇಬಾರದು, ಅದು ನಿಲ್ಲುವುದಿಲ್ಲ. ವರ್ಷಕ್ಕೆ ಎಷ್ಟು ಅರ್ಜಿಗಳು ಆ ತರಹ ಬರುತ್ತವೆ ಎಂಬುದೂ ಮುಖ್ಯ. ಹತ್ತು ವರ್ಷಕ್ಕೊಮ್ಮೆ ಬರುವ ಅಕ್ಕಿ ಗಿರಣಿಗಾಗಿ ಈ ವರ್ಷವೇ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹೀಗೆ ತೂಗಿದರೆ ಬಹುಪಾಲು ಊರುಗಳಲ್ಲಿ ನೀರಿನ ದಾರಿಯೇ ಮೇಲೆ ಬರುತ್ತದೆ. ಲೆಕ್ಕ ಮಾಡಿ ನೋಡಿರಿ. 1,000 ಚದರ ಅಡಿಯ ತಾರಸಿಯ ಮೇಲೆ 50 ಮಿಲಿಮೀಟರು, ಎಂದರೆ ಎರಡು ಅಂಗುಲ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು ಇಳಿಯುತ್ತದೆ. ನಾಲ್ಕೈದು ಎಕರೆಯ ಬಡಾವಣೆಯಲ್ಲಿ ಅಂಥ 60 ಮನೆಗಳಿದ್ದರೆ ತಾರಸಿಗಳಿಂದಲೇ ಎರಡು ಮುಕ್ಕಾಲು ಲಕ್ಷ ಲೀಟರ್. ಟಾರು ರಸ್ತೆ, ಅಂಗಳದ ಸಿಮೆಂಟು ಬೇರೆ. ಅಷ್ಟೇ ಮಳೆ ಮೊದಲು ಅದೇ ನೆಲಕ್ಕೆ ಬೀಳುತ್ತಿತ್ತು, ನಿಜ. ಆಗ ಉತ್ತ ಮಣ್ಣು ಕುಡಿಯುತ್ತಿತ್ತು, ಬದು ತಡೆಯುತ್ತಿತ್ತು, ಮಿಕ್ಕದ್ದು ಸಾವಕಾಶವಾಗಿ ಹರಿಯುತ್ತಿತ್ತು. ಈಗ ಅರ್ಧ ಗಂಟೆಯೊಳಗೆ ಒಟ್ಟಿಗೆ ನುಗ್ಗುತ್ತದೆ. ನುಗ್ಗುವುದು ಯಾರ ಹೊಲಕ್ಕೆ? ಬಡಾವಣೆಯ ಕೆಳಗಿರುವವನ ಹೊಲಕ್ಕೆ.

ಬೆಂಗಳೂರಿನ ಪೂರ್ವಕ್ಕಿರುವ ಬೆಳ್ಳಂದೂರು, ವರ್ತೂರು ಒಂದು ಕಾಲದಲ್ಲಿ ನಮ್ಮ ನಿಮ್ಮ ಊರಿನಂತೆಯೇ ಕೆರೆಯ ಕೆಳಗೆ ಗದ್ದೆ ಮಾಡುತ್ತಿದ್ದ ಹಳ್ಳಿಗಳು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಆ ಭಾಗದ ದೊಡ್ಡ ದೊಡ್ಡ ಮನೆಗಳಿಂದ ಜನರನ್ನು ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಗಳ ಒತ್ತುವರಿಯೂ ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಅದೇ ತಿಂಗಳು ಯಂತ್ರ ತಂದು ಕಟ್ಟಡಗಳನ್ನು ಕೆಡವಲು ತೊಡಗಿದರು. ಕಾಲುವೆ ಎಲ್ಲಿತ್ತೆಂದು ಹುಡುಕಲು ತೆಗೆದದ್ದು ಹಳೆಯ ಗ್ರಾಮ ನಕ್ಷೆಗಳನ್ನೇ.

ಆ ನಕ್ಷೆ ನಮ್ಮ ಊರಿಗೂ ಇದೆ. ಹಳ್ಳ, ಕೆರೆ, ಬಂಡಿದಾರಿ ಎಲ್ಲವೂ ಅದರಲ್ಲಿ ಗೆರೆಯಾಗಿ ಬಿದ್ದಿವೆ. ತಮ್ಮ ತಮ್ಮ ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂದಿರುವುದನ್ನು ನೋಡಿರಿ. ‘ಅ’ ಖರಾಬು ಸಾಗುವಳಿಗೆ ಬಾರದ ನೆಲ ಮಾತ್ರ. ‘ಬ’ ಖರಾಬು ದಾರಿ, ಹಳ್ಳ, ಕಾಲುವೆ ಮುಂತಾಗಿ ಸಾರ್ವಜನಿಕರಿಗೆಂದು ಬಿಟ್ಟದ್ದು. ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಅದು ನಿಮ್ಮದಲ್ಲ, ಮಾರುವ ಹಾಗಿಲ್ಲ, ಕೊಂಡವನು ಕಟ್ಟುವ ಹಾಗೂ ಇಲ್ಲ. ಅನುಮತಿಯ ಅರ್ಜಿಯ ಜೊತೆಗೆ ಪಹಣಿಯನ್ನೂ ನಕ್ಷೆಯ ತುಂಡನ್ನೂ ಇಟ್ಟು, ‘ಬ’ ಖರಾಬನ್ನು ಕೆಂಪು ಗೆರೆಯಲ್ಲಿ ತೋರಿಸಬೇಕು ಎಂಬ ಒಂದೇ ಷರತ್ತು ಅರ್ಧ ಜಗಳವನ್ನು ತಪ್ಪಿಸುತ್ತದೆ. ಕಾಲುವೆಗೆ ಅಡ್ಡಲಾಗಿ ದಾರಿ ಹೋಗಲೇಬೇಕಾದರೆ ಮೋರಿಯ ಅಳತೆಯನ್ನೂ ಬರೆಯಬೇಕು. ಒಂದಡಿಯ ಕೊಳವೆ ಹಾಕಿ ಕೈತೊಳೆದುಕೊಳ್ಳುವವರು ಬಹಳ. ಮೂರಡಿಯ ಕೊಳವೆಯ ಬಾಯಿ ಅದರ ಮೂರು ಪಾಲಲ್ಲ, ಒಂಬತ್ತು ಪಾಲು ದೊಡ್ಡದು.

ಎರಡನೆಯ ಸ್ಥಾನ ದಾರಿಗೆ ಎಂದು ನನ್ನ ಅಭಿಪ್ರಾಯ. ನಮ್ಮ ಹಿರಿಯರು ಎತ್ತಿನ ಗಾಡಿಗೆಂದು ಬಿಟ್ಟ ದಾರಿ ಅದು. ಇಂದು ಭತ್ತದ ದೊಡ್ಡ ಕಟಾವು ಯಂತ್ರದ ಕತ್ತರಿ ಪಟ್ಟಿಯೇ 12ರಿಂದ 14 ಅಡಿ ಅಗಲವಿರುತ್ತದೆ. ಎರಡೂ ಕಡೆ ಮೆಟ್ಟಿಲು, ಜಗಲಿ ಮುಂದಕ್ಕೆ ಬಂದರೆ ಯಂತ್ರ ಗದ್ದೆಗೆ ಹೋಗುವುದಿಲ್ಲ, ಕಬ್ಬಿನ ಲಾರಿ ಹೊರಗೆ ಬರುವುದಿಲ್ಲ. ಗೋಡೆಯನ್ನಲ್ಲ, ಕೊನೆಯ ಮೆಟ್ಟಿಲನ್ನು ಅಳತೆ ಮಾಡಿ ದಾರಿಯ ಅಗಲ ಹಿಡಿಯಬೇಕು. ಇದನ್ನು ಬರೆಯಲು ಮರೆತ ಊರುಗಳಲ್ಲಿ ಗೋಡೆ ಹಿಂದೆ ನಿಂತು ಮೆಟ್ಟಿಲು ದಾರಿಯಲ್ಲಿ ಇಳಿದಿದೆ.

ಶೌಚದ ಗುಂಡಿಯ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿ ಅಥವಾ ಕೊಳವೆ ಬಾವಿಗೂ ಕನಿಷ್ಠ 10 ಮೀಟರು, ಸುಮಾರು 33 ಅಡಿ ಅಂತರವಿರಬೇಕು. ಅಂತರ್ಜಲ ಮೇಲಿರುವ ಕಡೆ ಇನ್ನೂ ಹೆಚ್ಚು ಬೇಕು. ನಿಮ್ಮದೇ ಬಾವಿಯನ್ನು ನೋಡಿಕೊಂಡರೆ ಆಗಲಿಲ್ಲ. ಪಕ್ಕದ ಮನೆಯವರ ಬಾವಿ ಗೋಡೆಯ ಆಚೆಯೇ ಇರಬಹುದು.

ಮಿಕ್ಕವುಗಳನ್ನು, ಕಮಾನನ್ನೂ ಬಣ್ಣವನ್ನೂ, ಮುಂದಿನ ವರ್ಷಕ್ಕೆ ಬಿಡಬಹುದು. ಹತ್ತು ಪುಟದ ನಿಯಮ ಮಾಡಿದರೆ ಯಾರೂ ಓದುವುದಿಲ್ಲ, ಬೇಕಾದವರಿಗೆ ಒಂದು ಬೇಡದವರಿಗೆ ಒಂದು ಹೇಳಲು ಅದೇ ದಾರಿಯಾಗುತ್ತದೆ. ಒಂದು ಪುಟ ಸಾಕು. ಅದನ್ನು ದೊಡ್ಡ ಅಕ್ಷರದಲ್ಲಿ ಪಂಚಾಯಿತಿಯ ಗೋಡೆಗೆ ಬರೆಸಿದರೆ ಓದು ಬಾರದವರಿಗೂ ಮಕ್ಕಳು ಓದಿ ಹೇಳುತ್ತಾರೆ.

ಹಣದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸೂಚನೆ ಬರೆಯಲು ಖರ್ಚಿಲ್ಲ. ಮುಚ್ಚಿಹೋದ ಕಾಲುವೆ ತೆಗೆಸಲು ಖರ್ಚಿದೆ. ಪಂಚಾಯಿತಿಗೆ ಬರುವ ಅನುದಾನವೆಲ್ಲ ಮನಸ್ಸು ಬಂದಂತೆ ಖರ್ಚುಮಾಡಲು ಬರುವುದಿಲ್ಲ. 2021-26ರ ಅವಧಿಗೆ 15ನೆಯ ಹಣಕಾಸು ಆಯೋಗ ನೂರಕ್ಕೆ 60 ಭಾಗವನ್ನು ನೀರು, ನೈರ್ಮಲ್ಯಕ್ಕೆಂದೇ ಕಟ್ಟುಹಾಕಿತ್ತು, 40 ಭಾಗವನ್ನು ಊರಿನ ಇಚ್ಛೆಗೆ ಬಿಟ್ಟಿತ್ತು. ಕಾಲುವೆಯ ಕೆಲಸಕ್ಕೆ ಯಾವ ಬಾಬಿನಲ್ಲಿ ಎಷ್ಟು ಸಿಕ್ಕೀತು ಎಂಬುದನ್ನು ವಾರ್ಷಿಕ ಯೋಜನೆ ಬರೆಯುವ ಮೊದಲೇ ಕೇಳಬೇಕು, ಬರೆದಾದ ಮೇಲಲ್ಲ.

ಕೇಳುವ ಸ್ಥಳ ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಕಾಯಿದೆಯಂತೆ ಇವೆರಡೂ ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದು. ಕಾಲುವೆಯ ಕೆಳಗೆ ಹೊಲವಿರುವವರು ಸಭೆಗೆ ಬರುವುದು ಕಡಿಮೆ, ಕಮಾನು ಬೇಕೆನ್ನುವವರು ಮುಂದಿನ ಸಾಲಿನಲ್ಲಿರುತ್ತಾರೆ. ಹೆಂಗಸರು ಹಿಂದೆ ಕೂರುತ್ತಾರೆ. ಯಾವ ಬಾವಿಯ ನೀರು ಯಾವ ತಿಂಗಳಲ್ಲಿ ವಾಸನೆ ಬರುತ್ತದೆಂದು ಗೊತ್ತಿರುವುದು ಅವರಿಗೇ. ಪಟ್ಟಿ ಮುಗಿದ ಮೇಲೆ ಇವುಗಳಲ್ಲಿ ಮೊದಲ ಮೂರು ಯಾವುವು ಎಂದು ಕೈ ಎತ್ತಿಸಿ, ಆ ಕ್ರಮವನ್ನೇ ನಡವಳಿ ಪುಸ್ತಕದಲ್ಲಿ ಬರೆಸಿ, ಓದಿ ಹೇಳಿಸಿ, ಆಮೇಲೆ ರುಜು ಮಾಡಿರಿ. ಸಭೆಯ ನಿರ್ಣಯ ತಾನೇ ಕಾನೂನಾಗುವುದಿಲ್ಲ. ಪಂಚಾಯಿತಿ ಅದನ್ನು ಒಪ್ಪಿ ಅನುಮತಿ ಕಾಗದದ ಷರತ್ತಾಗಿ ಬರೆದಾಗ, ಅಥವಾ ಮಂಜೂರಾತಿ ಪಡೆದು ಉಪವಿಧಿಯಾಗಿ ಮಾಡಿದಾಗ ಅದಕ್ಕೆ ಬಲ ಬರುತ್ತದೆ.

ಸಭೆಗೆ ಬರುವಾಗ ಪಹಣಿಯನ್ನು ತನ್ನಿರಿ. ಗ್ರಾಮ ನಕ್ಷೆಯ ಪ್ರತಿ ಪಂಚಾಯಿತಿಯಲ್ಲಿ ಇಲ್ಲದಿದ್ದರೆ ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ವಿಚಾರಿಸಿ ಮಳೆಗಾಲಕ್ಕೆ ಮುಂಚೆಯೇ ಒಂದು ತರಿಸಿ ಇಡಿರಿ. ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು, ನಕ್ಷೆ ಹಿಡಿದು, ಒಂದು ಬೆಳಿಗ್ಗೆ ಕಾಲುವೆಯ ಉದ್ದಕ್ಕೂ ಕೆರೆಯ ತನಕ ನಡೆದು ನೋಡಿರಿ. ಎಲ್ಲಿ ಗೆರೆಯಿದ್ದು ಕಾಲುವೆ ಇಲ್ಲವೋ ಅಲ್ಲಿಯ ಸರ್ವೆ ನಂಬರನ್ನು ಗುರುತು ಹಾಕಿಕೊಂಡು ಬನ್ನಿರಿ.