ಹಾಡುವವಳು ಎಲ್ಲಿ ಕೂರಬೇಕು?

1905ರಲ್ಲಿ ಮಿರಜಿನ ರಂಗದ ಮೇಲೆ ಹದಿನೇಳರ ಹುಡುಗನೊಬ್ಬ ಸೀರೆಯುಟ್ಟು ಶಕುಂತಲೆಯಾಗಿ ಬಂದು ಹಾಡಿದ. ಕಿರ್ಲೋಸ್ಕರ್ ನಾಟಕ ಮಂಡಳಿಗೆ ಆಗಷ್ಟೇ ಸೇರಿದ್ದ ಆ ನಾರಾಯಣ ಶ್ರೀಪಾದ ರಾಜಹಂಸನೇ ಮುಂದೆ ಬಾಲಗಂಧರ್ವ ಎಂದು ಮನೆಮಾತಾದದ್ದು. ಅದೇ ವರ್ಷದ ಮೇ 30ರಂದು ಅದೇ ಮಿರಜಿನಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರಿಗೆ ಮಗಳು ಹುಟ್ಟಿದಳು. ಚಂಪಾಕಲಿ ಎಂದು ಹೆಸರಿಟ್ಟರು. ನಾವು ಬಲ್ಲ ಹೆಸರು ಹೀರಾಬಾಯಿ ಬಡೋದೇಕರ್.

ಹೆಣ್ಣಿನ ಪಾತ್ರವನ್ನು ಗಂಡೇ ಹಾಡುವುದು ಆಗ ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಆ ಪದ್ಧತಿಯಲ್ಲಿ ಕನ್ನಡದ ಪಾಲೂ ಇದೆ. 1842ರ ಸುಮಾರಿಗೆ ನಮ್ಮ ಕಡೆಯ ಭಾಗವತ ಮೇಳವೊಂದು ಸಾಂಗ್ಲಿಗೆ ಹೋಗಿ ಆಡಿತ್ತು. ಅದು ಉತ್ತರ ಕನ್ನಡದ ಕರ್ಕಿ ಮೇಳ ಎನ್ನುವುದು ಯಕ್ಷಗಾನದವರ ಮಾತು. ಆಟ ನೋಡಿದ ಸಾಂಗ್ಲಿಯ ದೊರೆಗೆ ತಮ್ಮ ಭಾಷೆಯಲ್ಲೂ ಇಂಥದ್ದು ಬೇಕೆನಿಸಿತು. 1843ರಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿ ಹೀಗೆ ಶುರುವಾದಾಗ ಮೇಳದ ಸ್ತ್ರೀವೇಷವೂ ಅದರ ಜೊತೆಗೇ ನಡೆಯಿತು.

ಹಾಗೆಂದು ಹೆಂಗಸರು ಹಾಡುತ್ತಿರಲಿಲ್ಲವೆಂದಲ್ಲ. ಸಿರಿವಂತರ ಮೆಹಫಿಲುಗಳಲ್ಲಿ, ಮದುವೆಮನೆಗಳಲ್ಲಿ ಹಾಡುತ್ತಲೇ ಇದ್ದರು. ಆ ಹಾಡಿಗೆ ಕಿವಿಗೊಟ್ಟವರೇ ಹಾಡಿದವಳನ್ನು ಹೊಸ್ತಿಲಾಚೆ ಇಡುತ್ತಿದ್ದರು. ಅವಳಿಗೆ ಹಾಡಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಎಲ್ಲಿ ಕೂತು ಹಾಡಬೇಕು, ಯಾರ ಎದುರು ಹಾಡಬೇಕು ಎಂಬಲ್ಲೇ ತಕರಾರು.

ಕರೀಂ ಖಾನರನ್ನು ಬಿಟ್ಟು ಐವರು ಮಕ್ಕಳೊಂದಿಗೆ ಹೊರಬಂದ ಹೀರಾಬಾಯಿಯ ತಾಯಿ ತಾರಾಬಾಯಿ ಮಕ್ಕಳ ಹೆಸರನ್ನೂ ಬದಲಿಸಿದರು. ಹೀರಾಬಾಯಿ ಕಲಿತದ್ದು ಅಣ್ಣ ಸುರೇಶಬಾಬು ಮಾನೆ ಮತ್ತು ಉಸ್ತಾದ್ ಅಬ್ದುಲ್ ವಹೀದ್ ಖಾನರ ಬಳಿ. 1921ರಲ್ಲಿ ಮುಂಬೈಯ ಗಂಧರ್ವ ಮಹಾವಿದ್ಯಾಲಯದ ವೇದಿಕೆಯಲ್ಲಿ ಹಾಡಿಸಿದವರು ವಿಷ್ಣು ದಿಗಂಬರ ಪಲುಸ್ಕರ್; ಅವರೂ ಮಿರಜಿನಲ್ಲೇ ಬಾಳಕೃಷ್ಣಬುವಾ ಇಚಲಕರಂಜಿಕರರಲ್ಲಿ ಕಲಿತವರು. ಹಾವಭಾವದ ಹಂಗಿಲ್ಲದೆ ಗವಾಯಿಗಳಂತೆ ತಂಬೂರಿಗಳ ನಡುವೆ ಕೂತು ಹೀರಾಬಾಯಿ ಖಯಾಲ್ ಹಾಡಿದರು. ಟಿಕೆಟ್ ಇಟ್ಟು ಕಛೇರಿ ಮಾಡಿದ ಮೊದಮೊದಲ ಗಾಯಕಿಯರಲ್ಲಿ ಅವರ ಹೆಸರು ಬರುತ್ತದೆ. ಟಿಕೆಟ್ ಎಂದರೆ ಬರೀ ದುಡ್ಡಲ್ಲ. ಕರೆಸಿ ಹಾಡಿಸುವ ಯಜಮಾನ ಅಲ್ಲಿಲ್ಲ. ಚೀಟಿ ಕೊಂಡವರೆಲ್ಲ, ಹೆಂಡತಿ ಮಕ್ಕಳ ಸಮೇತ, ಬಂದು ಕೇಳಬಹುದು.

ಮುಂದೆ ಆ ಕುಟುಂಬ ತನ್ನದೇ ನಾಟಕ ಕಂಪನಿ ಕಟ್ಟಿತು. ಹೀರಾಬಾಯಿ, ತಂಗಿಯರಾದ ಕಮಲಾಬಾಯಿ, ಸರಸ್ವತಿ ರಂಗಕ್ಕೆ ಬಂದರು. ಬಾಲಗಂಧರ್ವರ ಕಾಲದಲ್ಲೇ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದಳು.

ಈ ತಕರಾರು ನಮ್ಮದಷ್ಟೇ ಅಲ್ಲ. ಇಂಗ್ಲೆಂಡಿನ ದೊಡ್ಡ ಚರ್ಚುಗಳಲ್ಲಿ ಎತ್ತರದ ಸ್ವರಗಳನ್ನು ಹಾಡುವ ಕೆಲಸ ಶತಮಾನಗಳಿಂದ ದನಿ ಒಡೆಯದ ಗಂಡುಹುಡುಗರದಾಗಿತ್ತು. ಸಾಲ್ಸ್‌ಬರಿ ಕೆಥೆಡ್ರಲ್ ಹುಡುಗಿಯರ ಗಾಯನವೃಂದ ಕಟ್ಟಿದ್ದು 1991ರಲ್ಲಿ. ಹುಡುಗನ ದನಿಯ ಬಣ್ಣವೇ ಬೇರೆ, ಹುಡುಗಿಯರಿಗೆ ಅದು ಬಾರದು ಎಂಬ ವಾದ ಅಲ್ಲಿ ಬಹಳ ನಡೆಯಿತು. ಮಿರಜಿನ ನಾಟಕಪ್ರಿಯರಿಗೂ ಈ ವಾದ ಹೊಸದೆನಿಸುತ್ತಿರಲಿಲ್ಲ. ಬಾಲಗಂಧರ್ವರಂತೆ ಹೆಣ್ಣಾಗುವುದು ಹೆಣ್ಣಿಗೂ ಸಾಧ್ಯವಿಲ್ಲ ಎಂದು ಮೆಚ್ಚಿಕೊಂಡವರು ಅವರು.

ಹಾಡುವವಳ ಮೇಲಿನ ತಕರಾರು ಹುಬ್ಬಳ್ಳಿಯಲ್ಲೂ ಇತ್ತು; ಮಿರಜಿನಿಂದ ಅಲ್ಲಿಗೆ ನೇರ ರೈಲು. ಕರೀಂ ಖಾನರು ಧಾರವಾಡಕ್ಕೆ ಬಂದಾಗ ಅಂಬಾಬಾಯಿಯವರ ಕರ್ನಾಟಕಿ ಗಾಯನ ಕೇಳುತ್ತಿದ್ದರು. ಅಂಬಾಬಾಯಿಯವರ ಮಗಳು ಗಂಗೂಬಾಯಿ ಹಾನಗಲ್, ಖಾನರ ಶಿಷ್ಯ ಸವಾಯಿ ಗಂಧರ್ವರಲ್ಲಿ ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ದಾರಿಯಲ್ಲಿ ‘ಗಾನೇವಾಲಿ’ ಎಂಬ ಚುಚ್ಚುಮಾತು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ಗಡುಸಾಯಿತು. ಅದೇ ಗಡಸು ಅವರ ಗುರುತಾಯಿತು. ಹಾಡುವ ಗಂಡು ಮುಸ್ಲಿಮನಾದರೆ ಉಸ್ತಾದ್, ಹಿಂದುವಾದರೆ ಪಂಡಿತ, ಹೆಣ್ಣು ಮಾತ್ರ ಎಷ್ಟು ಹಾಡಿದರೂ ‘ಬಾಯಿ’ ಎಂದು ಅವರು ಹೇಳುತ್ತಿದ್ದರು. ವೇದಿಕೆಯ ಜಾಗ ಸಿಕ್ಕಿತು, ಹೆಸರಿನ ಮುಂದಿನ ಜಾಗ ಖಾಲಿಯೇ ಉಳಿಯಿತು.

ಮತ್ತೆ ಮಿರಜಿಗೇ ಬರೋಣ. ಅಲ್ಲಿ ಕತ್ತಿ ಮಾಡುತ್ತಿದ್ದ ಶಿಕಲಗಾರ ಮನೆತನಗಳು ವಾದ್ಯಕ್ಕೆ ಕೈಹಚ್ಚಿ ಒಂದೂವರೆ ಶತಮಾನ ದಾಟಿತು. ಅವರ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಬಂತು. ಇಲ್ಲಿ ಎರಡು ಅಳತೆಯ ತಂಬೂರಿಗಳಿವೆ. ದೊಡ್ಡ ಬುರುಡೆಯ, ತಗ್ಗಿನ ಶ್ರುತಿಯದು ಗಂಡಸರದು. ಸಣ್ಣದು, ಎತ್ತರದ ಶ್ರುತಿಯದು ಹೆಂಗಸರದು. ಕೊಳ್ಳುವವರಿಗೂ ಮಾಡುವವರಿಗೂ ಈ ಲೆಕ್ಕ ಸಲೀಸು. ಆದರೆ ಶಕುಂತಲೆಯಾಗಿ ಹಾಡಿದ ಬಾಲಗಂಧರ್ವರ ಗಂಟಲನ್ನು, ಗಂಡುದನಿಯ ಗಂಗೂಬಾಯಿಯವರ ಗಂಟಲನ್ನು ಕೇಳಿದವರಿಗೆ ಗೊತ್ತು: ಆ ಅಳತೆ ಬುರುಡೆಯದು, ಹಾಡಿನದಲ್ಲ.