ಗಾಳ ಹಾಕೋ ಮೊದಲು ನೀರಿನ ಜ್ವರ ನೋಡಿ

ಲಾಂಗ್ ವೀಕೆಂಡ್ ಬಂತೆಂದರೆ ಬೆಂಗಳೂರಿನ ಟೆಕ್ಕಿಗಳ ಒಂದು ದಂಡು ಹಿಮಾಚಲಕ್ಕೆ ಹೊರಡುತ್ತೆ. ಮನಾಲಿಯ ಟ್ರಾಫಿಕ್ ಸಾಕಪ್ಪಾ ಅನ್ನೋರು ಕುಲು ಜಿಲ್ಲೆಯ ತೀರ್ಥನ್ ಕಣಿವೆಯ ದಾರಿ ಹಿಡಿಯುತ್ತಾರೆ. ನದಿ ಪಕ್ಕದಲ್ಲೇ ಹೋಮ್‌ಸ್ಟೇ, ಕೈಯಲ್ಲಿ ಬಿಸಿ ಚಹಾ, ಜೊತೆಗೆ ಟ್ರೌಟ್ ಮೀನಿಗೆ ಗಾಳ ಹಾಕೋ ಆಸೆ. ಹಿಡಿದು, ಫೋಟೊ ತೆಗೆದು, ಮತ್ತೆ ನೀರಿಗೇ ಬಿಟ್ಟರೆ ಯಾರಿಗೇನು ನಷ್ಟ ಅಂತ ಅನ್ನಿಸೋದು ಸಹಜ. ಆದರೆ ಬಿಟ್ಟ ಮೀನು ಬದುಕುತ್ತೋ ಇಲ್ಲವೋ ಅನ್ನೋದು ಬಹುಮಟ್ಟಿಗೆ ಆ ಹೊತ್ತಿನ ನೀರಿನ ಉಷ್ಣಾಂಶದ ಕೈಯಲ್ಲಿದೆ.

ತಣ್ಣೀರಲ್ಲೇ ಉಸಿರು

ತೀರ್ಥನ್‌ನಲ್ಲಿರುವ ಬ್ರೌನ್ ಟ್ರೌಟ್ ಮೂಲತಃ ಯುರೋಪಿನ ಮೀನು. ಬ್ರಿಟಿಷರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕುಲು ಕಡೆಯ ನದಿಗಳಿಗೆ ತಂದು ಬಿಟ್ಟರು. ಹಿಮ ಕರಗಿ ಹರಿಯುವ ತಣ್ಣೀರು ಸಿಕ್ಕಿದ್ದರಿಂದ ಅದು ಇಲ್ಲಿ ನೆಲೆ ನಿಂತಿತು.

ತಣ್ಣೀರೇ ಯಾಕೆ ಬೇಕು? ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತೆ. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಅದು ಸುಮಾರು 9ಕ್ಕೆ ಇಳಿಯುತ್ತೆ. ಬೆಟ್ಟದ ಎತ್ತರದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಇತ್ತ ಮೀನು ಶೀತರಕ್ತದ ಪ್ರಾಣಿ. ನೀರು ಬಿಸಿಯಾದರೆ ಅದರ ಮೈಯೊಳಗಿನ ಕೆಲಸವೆಲ್ಲ ಚುರುಕಾಗಿ, ಆಮ್ಲಜನಕ ಹೆಚ್ಚು ಬೇಕಾಗುತ್ತೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದರೆ ಡಿಮ್ಯಾಂಡ್ ಏರುವಾಗಲೇ ಸಪ್ಲೈ ಇಳಿಯುತ್ತೆ.

ಇಂಥ ಹೊತ್ತಲ್ಲಿ ಗಾಳಕ್ಕೆ ಸಿಕ್ಕು ಐದು ನಿಮಿಷ ಒದ್ದಾಡಿದ ಟ್ರೌಟ್ ಪೂರಾ ಸುಸ್ತಾಗಿರುತ್ತೆ. ಬಿಟ್ಟ ಕೂಡಲೇ ಈಜಿಕೊಂಡು ಹೋಗುತ್ತೆ, ನಮಗೂ ಸಮಾಧಾನ. ಆಮೇಲೆ ಎಲ್ಲೋ ಬಂಡೆಯ ಮರೆಯಲ್ಲಿ ಸತ್ತರೆ ನಮಗೆ ಗೊತ್ತೇ ಆಗಲ್ಲ.

ಜಲ್ಲಿಯೊಳಗಿನ ತೊಟ್ಟಿಲು

ಸಂತಾನದ ಲೆಕ್ಕವೂ ಉಷ್ಣಾಂಶದ್ದೇ. ಹಗಲು ಚಿಕ್ಕದಾಗಿ, ನೀರು 10 ಡಿಗ್ರಿಗಿಂತ ಕೆಳಗೆ ಇಳಿಯುತ್ತಾ ಬಂದಾಗ ಬ್ರೌನ್ ಟ್ರೌಟ್ ಮೊಟ್ಟೆ ಇಡಲು ಸಜ್ಜಾಗುತ್ತೆ. ಹೆಣ್ಣು ಮೀನು ಬಾಲ ಬಡಿದು ಬಡಿದು ಜಲ್ಲಿಕಲ್ಲಿನಲ್ಲಿ ಗುಳಿ ತೋಡಿ, ಮೊಟ್ಟೆ ಇಟ್ಟು, ಮೇಲೆ ಮತ್ತೆ ಜಲ್ಲಿ ಮುಚ್ಚುತ್ತೆ. ಕಲ್ಲಿನ ಸಂದಿಯಲ್ಲಿ ಹರಿಯುವ ತಣ್ಣೀರೇ ಆ ಮೊಟ್ಟೆಗಳಿಗೆ ಉಸಿರು ಕೊಡಬೇಕು. ನೀರು 12–13 ಡಿಗ್ರಿ ದಾಟಿದರೆ ಮೊಟ್ಟೆಗಳು ಸಾಯೋದು ಜಾಸ್ತಿಯಾಗುತ್ತೆ.

ಮರಿ ಯಾವಾಗ ಹೊರಬರುತ್ತೆ ಅನ್ನೋದಕ್ಕೆ ಒಂದು ಸರಳ ಗುಣಾಕಾರವಿದೆ: ಉಷ್ಣಾಂಶವನ್ನು ದಿನಗಳಿಂದ ಗುಣಿಸಿದರೆ ಸುಮಾರು 400ರಿಂದ 450 ಆಗಬೇಕು. ಅಂದರೆ 10 ಡಿಗ್ರಿ ನೀರಲ್ಲಿ ಆರು ವಾರ, 5 ಡಿಗ್ರಿಯಲ್ಲಿ 80–90 ದಿನ. ಒಡೆದ ಮರಿ ಕೂಡ ಹೊಟ್ಟೆಗೆ ಅಂಟಿದ ಹಳದಿ ಚೀಲದ ಆಹಾರ ಮುಗಿಯುವವರೆಗೆ, ಇನ್ನೂ ಕೆಲವು ವಾರ, ಜಲ್ಲಿಯೊಳಗೇ ಇರುತ್ತೆ.

ಈಗ ಕ್ಯಾಲೆಂಡರ್ ನೋಡಿ. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯೋದು ನಿಷೇಧ. ಒಳ್ಳೆಯ ನಿಯಮ. ಆದರೆ ಡಿಸೆಂಬರ್ ಮೊದಲ ವಾರ ಇಟ್ಟ ಮೊಟ್ಟೆ, 5 ಡಿಗ್ರಿ ನೀರಲ್ಲಿ, ಒಡೆಯುವ ಹೊತ್ತಿಗೇ ಫೆಬ್ರವರಿ ಮುಗಿಯುತ್ತಾ ಬಂದಿರುತ್ತೆ. ಮಾರ್ಚ್ 1ಕ್ಕೆ ಸೀಸನ್ ಶುರು ಅಂತ ನಾವು ಬೂಟು ಹಾಕಿಕೊಂಡು ನೀರಿಗಿಳಿದಾಗ, ಮುಂದಿನ ಪೀಳಿಗೆ ನಮ್ಮ ಕಾಲಡಿಯ ಜಲ್ಲಿಯಲ್ಲೇ ಇರಬಹುದು. ಲೈಸೆನ್ಸ್ ಜೇಬಲ್ಲಿದ್ದರೂ ಆ ತುಳಿತ ತುಳಿತವೇ.

ಏನು ಮಾಡಬೇಕು?

* ಒಂದು ಚಿಕ್ಕ ಥರ್ಮಾಮೀಟರ್ ಇಟ್ಟುಕೊಳ್ಳಿ. ನಮ್ಮ 37 ಡಿಗ್ರಿ ಮೈಗೆ 20 ಡಿಗ್ರಿ ನೀರೂ ತಣ್ಣಗೇ ಅನ್ನಿಸುತ್ತೆ, ಕೈ ಅದ್ದಿ ನೋಡಿದರೆ ಗೊತ್ತಾಗಲ್ಲ. 20 ತಲುಪಿದರೆ ಗಾಳ ಮಡಚಿಡಿ. 18 ದಾಟಿದರೇ ಎಚ್ಚರ.
* ಬೇಸಿಗೆಯಲ್ಲಿ ಬೆಳಗಿನ ಹೊತ್ತು ಹೋಗಿ. ಮಧ್ಯಾಹ್ನದ ಮೇಲೆ, ಅದರಲ್ಲೂ ನೀರು ಕಮ್ಮಿ ಇರೋ ಕಡೆ, ಉಷ್ಣಾಂಶ ಬೇಗ ಏರುತ್ತೆ.
* ಮಾರ್ಚ್, ಏಪ್ರಿಲ್‌ನಲ್ಲಿ ಆಳವಿಲ್ಲದ ಕಡೆ ಜಲ್ಲಿ ಮೇಲೆ ಕಾಲಿಡಬೇಡಿ. ಸುತ್ತಲಿನ ಪಾಚಿಗಟ್ಟಿದ ಕಲ್ಲಿಗಿಂತ ಬೆಳ್ಳಗೆ, ತೊಳೆದಿಟ್ಟಂತೆ ಕಾಣುವ ಜಾಗ ಗೂಡಾಗಿರಬಹುದು. ದಡದಿಂದಲೇ ಗಾಳ ಎಸೆಯಿರಿ.
* ಗಾಳದ ತುದಿಯಲ್ಲಿ ಹಿಮ್ಮುಖವಾಗಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ಗಾಳ ಬೇಗ ಬಿಡುತ್ತೆ, ಬಾಯಿ ಹರಿಯಲ್ಲ.
* ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ಮೀನಿನ ಮೈಮೇಲಿನ ಲೋಳೆ ಕಿತ್ತರೆ ಸೋಂಕಿಗೆ ದಾರಿ.
* ಮೀನನ್ನು ನೀರಲ್ಲೇ ಇಟ್ಟು ಫೋಟೊ ತೆಗೆಯಿರಿ. ಮೇಲೆತ್ತಲೇಬೇಕಾದರೆ ನಿಮ್ಮ ಉಸಿರು ಬಿಗಿಹಿಡಿದು ಹತ್ತು ಎಣಿಸಿ, ಅಷ್ಟರೊಳಗೆ ಬಿಟ್ಟುಬಿಡಿ.

ಥರ್ಮಾಮೀಟರ್ ನೋಡಿ ಗಾಳ ಮಡಚಿಡೋದು ಅತಿಯಾಯ್ತು ಅನ್ನಿಸಿದರೆ ಅಮೆರಿಕದ ಮೊಂಟಾನಾ ರಾಜ್ಯ ನೋಡಿ. ಅಲ್ಲಿ ನದಿಯ ನೀರು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ, ಆ ಭಾಗದಲ್ಲಿ ಮಧ್ಯಾಹ್ನ ಎರಡರಿಂದ ನಡುರಾತ್ರಿವರೆಗೆ ಗಾಳ ಹಾಕೋದನ್ನು ಸರ್ಕಾರವೇ ನಿಲ್ಲಿಸಬಹುದು.

ಒಂದು ಮಾತು: ಈ ಅಂಕಿಗಳನ್ನು ಎಲ್ಲ ಮೀನಿಗೂ ಅಂಟಿಸಬೇಡಿ. ನಮ್ಮ ಕಾವೇರಿಯ ಮಹಶೀರ್ ಬೆಚ್ಚಗಿನ ನೀರಿನ ಮೀನು, ಅದರ ಲೆಕ್ಕವೇ ಬೇರೆ. ಯಾವ ನದಿಗೆ ಹೋದರೂ ಮೊದಲು ಕೇಳಬೇಕಾದ್ದು ಇಷ್ಟೇ: ಇಲ್ಲಿನ ಮೀನಿಗೆ ಇವತ್ತಿನ ನೀರು ಹಿತವಾಗಿದೆಯಾ? ಇಲ್ಲ ಅಂತಾದರೆ ಗಾಳ ಬ್ಯಾಗಲ್ಲೇ ಇರಲಿ. ದಡದಲ್ಲಿ ಕೂತು ಚಹಾ ಕುಡಿಯೋಕೆ ಯಾವ ಸೀಸನ್ನೂ ಬೇಕಿಲ್ಲ.