ಬೂದಿ ಮುಚ್ಚಿದ ಕೆಂಡ

ಮಗು ಹಾಲಿನ ಲೋಟ ಬೀಳಿಸಿತೆಂದು ಹೊಡೆದುಬಿಡುತ್ತೀರಿ, ಆಮೇಲೆ ಕೂತು ಅಳುತ್ತೀರಿ. ಯಜಮಾನರು ತುಸು ದನಿ ಏರಿಸಿದರೆ ಸಾಕು, ಎದೆ ಡವಡವ, ಬಾಯಿಂದ ಮಾತೇ ಹೊರಡದು. ಉಣ್ಣಲು ಉಡಲು ಕೊರತೆಯಿಲ್ಲ, ಆದರೂ ನನಗೇಕೆ ಹೀಗೆ ಎಂದು ನಿಮ್ಮನ್ನೇ ನೀವು ಹಳಿದುಕೊಳ್ಳುತ್ತೀರಿ.

ಇಂಥ ಕಷ್ಟದ ಬೇರು ಎಷ್ಟೋ ಸಲ ಬಾಲ್ಯದಲ್ಲಿರುತ್ತದೆ. ಕುಡಿದು ಬಂದು ಬಡಿಯುತ್ತಿದ್ದ ತಂದೆ, ಮೈಮುಟ್ಟಿ "ಯಾರಿಗೂ ಹೇಳಬೇಡ" ಎಂದ ನೆಂಟ, ಎಳವೆಯಲ್ಲೇ ತೀರಿಹೋದ ತಾಯಿ... ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂವರು ಮಕ್ಕಳಲ್ಲಿ ಸುಮಾರು ಇಬ್ಬರು ಪೆಟ್ಟು ತಿಂದವರೇ. ನೀವೊಬ್ಬರೇ ಅಲ್ಲ, ಸೋದರಿ.

"ಆಗಿದ್ದು ಆಗಿಹೋಯ್ತು, ಕೆದಕಬೇಡ" ಎನ್ನುತ್ತಾರೆ ಹಿರಿಯರು. ಬೂದಿ ಮುಚ್ಚಿದರೆ ಕೆಂಡ ಆರುತ್ತದೆಯೇ? ಅಂದು ಬಾಯಿ ಮುಚ್ಚಿ ಮುದುಡಿ ಕೂತದ್ದೇ ಆ ಪುಟ್ಟ ಹುಡುಗಿಯನ್ನು ಕಾಪಾಡಿತ್ತು. ಅಪಾಯ ಕಳೆದು ಇಪ್ಪತ್ತು ವರ್ಷವಾದರೂ ಮೈಗೆ ಅದು ತಿಳಿದಿಲ್ಲ. ಇದು ಹುಚ್ಚಲ್ಲ, ಕೆಟ್ಟತನವೂ ಅಲ್ಲ.

ಇದಕ್ಕೆ ಮನೋಚಿಕಿತ್ಸೆಯುಂಟು. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಮೂರು ಮೆಟ್ಟಿಲು ತೋರಿಸಿದ್ದಾರೆ. ಮೊದಲು ಸುರಕ್ಷತೆ: ಹೆದರಿಕೆ ನುಗ್ಗಿದಾಗ ಉಸಿರನ್ನು ನಿಧಾನವಾಗಿ ಬಿಡುವುದು, ಪಾದ ನೆಲಕ್ಕೂರಿ "ಇದು ನನ್ನ ಮನೆ, ನಾನೀಗ ದೊಡ್ಡವಳು" ಎಂದುಕೊಳ್ಳುವುದು. ಎರಡನೆಯದು, ನಡೆದದ್ದನ್ನು ನಿಮ್ಮಿಂದಾದಷ್ಟೇ, ತುಸುತುಸುವಾಗಿ ಹೇಳಿಕೊಂಡು, ಕಳೆದುಕೊಂಡದ್ದಕ್ಕೆ ಅತ್ತು ಹಗುರಾಗುವುದು. ಮೂರನೆಯದು, ಮತ್ತೆ ನಾಲ್ಕು ಜನರೊಡನೆ ಬೆರೆತು ಬಾಳುವುದು. ನೆನಪು ಅಳಿಯುವುದಿಲ್ಲ, ಅದರ ಉರಿ ತಗ್ಗುತ್ತದೆ. ತಿಂಗಳುಗಟ್ಟಲೆ ಹಿಡಿದೀತು, ಬೇಸರಿಸಬೇಡಿ. ನಿದ್ದೆಗೆಟ್ಟು ತೀರ ಕುಗ್ಗಿದ್ದರೆ ವೈದ್ಯರು ಮಾತ್ರೆಯನ್ನೂ ಕೊಡಬಹುದು.

ಅಷ್ಟರಲ್ಲಿ ಮಗುವಿಗೆ ಹೊಡೆದ ದಿನ, ಹತ್ತಿರ ಕರೆದು "ತಪ್ಪು ನಂದು ಕಂದಾ, ನಿಂದಲ್ಲ" ಎನ್ನಿ. ನಿಮಗೆ ಅಂದು ಯಾರೂ ಹೇಳದ ಮಾತು ಅದು.

ಎಲ್ಲಿಗೆ ಹೋಗಬೇಕು? ದಾಂಡೇಲಿ, ಹಳಿಯಾಳ, ಮುಂಡಗೋಡದವರಿಗೆ ಧಾರವಾಡ ದೂರವಲ್ಲ. "ಧಾರವಾಡಕ್ಕೆ ಸೇರಿಸಬೇಕು" ಎಂದು ಹಂಗಿಸುವ ಕಾಲ ಹೋಯಿತು. ಅಲ್ಲಿನ ಡಿಮ್ಹಾನ್ಸ್ ಇಂದು ಮನೋರೋಗ ಮತ್ತು ನರವಿಜ್ಞಾನದ ಸರ್ಕಾರಿ ಸಂಸ್ಥೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ನೋಡುವ 'ಮನೋಚೈತನ್ಯ' ಕಾರ್ಯಕ್ರಮ ರಾಜ್ಯದಲ್ಲಿ 2014ರಲ್ಲಿ ಶುರುವಾಯಿತು. ನಿಮ್ಮಲ್ಲಿ ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಜೋಯಿಡಾದ ಕಾಡಿನ ಹಳ್ಳಿಯಿಂದ ಬಸ್ಸು ಹಿಡಿಯುವುದು ಕಷ್ಟವೇ? 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಸುಳಿದರಂತೂ ಆ ಕ್ಷಣವೇ ಮಾಡಿ.

ಹೇಳಿದ್ದು ಊರಿಗೆಲ್ಲ ತಿಳಿದೀತೆಂಬ ಅಂಜಿಕೆಯೇ? ಚಿಕಿತ್ಸೆಯ ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ವೈದ್ಯರ ಹೊಣೆ. ಹೆಂಗಸರೇ ಬೇಕೆಂದು ಕೇಳಲೂ ಸಂಕೋಚ ಬೇಡ. ಒಬ್ಬರೊಡನೆ ಮನಸ್ಸು ಬಿಚ್ಚಲಾಗದಿದ್ದರೆ ಇನ್ನೊಬ್ಬರನ್ನು ನೋಡಿ.